ನಂಬರ್ ಕೂಡಿದ ಮಾತ್ರಕ್ಕೆ ಟ್ರಾನ್ಸ್ ಕೂಡಲ್ಲ

ಟ್ರಾನ್ಸ್ (ಒಂದು ಬಗೆಯ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತ) ಬೆರೆಸೋಕೆ ಅಂತ ಹೊಸದಾಗಿ ಡಿಜೆ ಕಂಟ್ರೋಲರ್ ಕೊಂಡೋರಿಗೆಲ್ಲ ಮೊದಲು ತಲೆಗೆ ಹತ್ತೋದು ಕ್ಯಾಮೆಲಾಟ್ ಚಕ್ರ: ಒಂದೊಂದು ಕೀಗೂ (ಷಡ್ಜ ಮತ್ತು ಅದರ ಸ್ವರಗಳ ಗುಂಪಿಗೂ) ಒಂದು ನಂಬರ್ ಕೊಟ್ಟು, ಯಾವುದಕ್ಕೆ ಯಾವುದು ಹೊಂದುತ್ತೆ ಅಂತ ತೋರಿಸೋ ಚಿತ್ರ. ನಮ್ಮ ಚಿಕ್ಕಪ್ಪನ ಮಗನಿಗೂ ಅದೇ ಆಗಿದೆ. "ಅಕ್ಕಾ, ಎರಡೂ ಟ್ರ್ಯಾಕ್ 8ಎ, ಬೀಟೂ ಕೂತಿದೆ, ಆದ್ರೂ ಯಾಕೋ ಹೊಂದ್ತಿಲ್ಲ" ಅಂತ ವಾಟ್ಸಾಪ್‌ನಲ್ಲಿ ಒಂದು ರೆಕಾರ್ಡಿಂಗ್ ಕಳಿಸಿದ್ದ. ಕೇಳಿದೆ. ಹೊಂದದೇ ಇರೋದು ಇರಲಿ, ಹಲ್ಲು ಜುಮ್ಮೆನ್ನಿಸೋ ಹಾಗಿತ್ತು.

ಚಕ್ರದ ಲೆಕ್ಕದಲ್ಲೇನೂ ತಪ್ಪಿಲ್ಲ. 8ಎ ಅಂದ್ರೆ ಎ ಮೈನರ್: ಹಾರ್ಮೋನಿಯಂನಲ್ಲಿ ಬಿಳಿ ಆರನ್ನ (ಆರನೇ ಬಿಳಿ ಮನೆಯನ್ನ) ಷಡ್ಜ ಮಾಡ್ಕೊಂಡು ನಟಭೈರವಿ ರಾಗ ನುಡಿಸಿದ ಹಾಗೆ. 8ಬಿ ಅಂದ್ರೆ ಸಿ ಮೇಜರ್. ಸ್ವರ ಅವೇ ಏಳು, ಷಡ್ಜ ಮಾತ್ರ ಬಿಳಿ ಒಂದಕ್ಕೆ ಬಂತು, ಶಂಕರಾಭರಣ ಆಯ್ತು. ಗ್ರಹಭೇದ ಗೊತ್ತಿರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 8ಎ ಬಿಟ್ಟು 9ಎಗೆ ಹೋದ್ರೆ ಹಳೇ ಪಂಚಮವೇ ಹೊಸ ಷಡ್ಜ. ಏಳರಲ್ಲಿ ಒಂದೇ ಸ್ವರ ಬದಲಾಗುತ್ತೆ, ಕಿವಿ ತಕರಾರು ಮಾಡಲ್ಲ.

ಅವನ ಪೇಚು ಇದ್ದದ್ದು ವೇಗ ಏರಿಸಿ ಇಳಿಸೋ ಪಿಚ್ ಫೇಡರ್‌ನಲ್ಲಿ. ಒಂದು ಟ್ರ್ಯಾಕ್ 132 ಬಿಪಿಎಂ (ನಿಮಿಷಕ್ಕೆ 132 ಬೀಟ್), ಇನ್ನೊಂದು 138. ಮಾಸ್ಟರ್ ಟೆಂಪೋ (ವೇಗ ಬದಲಾದ್ರೂ ಶ್ರುತಿ ಹಿಡಿದಿಡೋ ಬಟನ್) ಆಫ್ ಇಟ್ಕೊಂಡು ಮೊದಲನೇದನ್ನ 138ಕ್ಕೆ ಏರಿಸಿದ್ದ. ವೇಗ ಶೇಕಡ 4.5ರಷ್ಟು ಹೆಚ್ಚಾದ್ರೆ ಶ್ರುತಿಯೂ ಅದರ ಜೊತೆಗೇ ಏರುತ್ತೆ. ಅರ್ಧ ಸ್ವರ ಏರೋದಕ್ಕೆ ಸುಮಾರು ಶೇಕಡ 5.95 ಬೇಕು. ಅಂದ್ರೆ ಅವನ ಟ್ರ್ಯಾಕ್ ಆ ಅರ್ಧ ಸ್ವರದಲ್ಲಿ ಮುಕ್ಕಾಲು ಭಾಗ ಏರಿ, ಬಿಳಿ ಆರೂ ಅಲ್ಲದೆ ಕಪ್ಪು ಐದೂ ಅಲ್ಲದೆ ನಡುವೆ ನಿಂತಿತ್ತು. ಸಾಫ್ಟ್‌ವೇರ್ ಅನಲೈಸ್ ಮಾಡಿದಾಗ ಬಿದ್ದ 8ಎ ಲೇಬಲ್ ಮಾತ್ರ ಪಕ್ಕದಲ್ಲಿ ಹಾಗೇ ಇತ್ತು!

ಮಾಸ್ಟರ್ ಟೆಂಪೋ ಆನ್ ಮಾಡಿದ್ರೆ ಶ್ರುತಿ ಉಳಿಯುತ್ತೆ. ಆದ್ರೆ ತುಂಬಾ ಎಳೆದ್ರೆ ಕಿಕ್ಕಿನ (ಬೇಸ್ ಡ್ರಮ್‌ನ) ಏಟು ಮೆತ್ತಗಾಗುತ್ತೆ, ದೊಡ್ಡ ಸ್ಪೀಕರ್‌ನಲ್ಲಿ ಅದು ಗೊತ್ತಾಗೇ ಗೊತ್ತಾಗುತ್ತೆ. ಅದಕ್ಕೇ ನಾನು 132ರಿಂದ ಒಂದೇ ಸಲ ಜಿಗಿಯಲ್ಲ. ನಡುವೆ 134ರದ್ದು, 136ರದ್ದು ಹಾಕ್ಕೊಂಡು ಹೋಗ್ತೀನಿ, ಯಾವ ಟ್ರ್ಯಾಕನ್ನೂ ಶೇಕಡ ಒಂದೂವರೆಗಿಂತ ಹೆಚ್ಚು ಎಳೆಯೋ ಹಾಗಿರಬಾರದು.

ಇದರಲ್ಲೇ ಒಂದು ಮಜಾ ಇದೆ. 130ರ 8ಎ ಟ್ರ್ಯಾಕನ್ನ ಮಾಸ್ಟರ್ ಟೆಂಪೋ ಆಫ್ ಮಾಡಿ 138ಕ್ಕೆ ಏರಿಸಿ ನೋಡಿ. ಹೆಚ್ಚುಕಮ್ಮಿ ಸರಿಯಾಗಿ ಅರ್ಧ ಸ್ವರ ಮೇಲೆ ಹೋಗಿ ಬಿ ಫ್ಲ್ಯಾಟ್ ಮೈನರ್ ಆಗುತ್ತೆ. ಅದು ಚಕ್ರದಲ್ಲಿ 3ಎ. ಇನ್ನು 2ಎ, 4ಎ ಟ್ರ್ಯಾಕ್‌ಗಳೆಲ್ಲ ಅದಕ್ಕೆ ನೆಂಟರು. ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ ಮೇಲೆ ವಿನೈಲ್ ಹಾಕ್ತಿದ್ದೋರಿಗೆ ಕೀ ಲಾಕ್ (ಮಾಸ್ಟರ್ ಟೆಂಪೋದ ಇನ್ನೊಂದು ಹೆಸರು) ಅನ್ನೋದೇ ಇರಲಿಲ್ಲ. ಮೇಲೆ ಕೆಳಗೆ ಶೇಕಡ 8ರ ಫೇಡರ್, ಮಿಕ್ಕಿದ್ದು ಕಿವಿ.

ಟೆಂಪೋ ವಿಷಯಕ್ಕೆ, ಬೀಟನ್ನ ತಾನೇ ಕೂರಿಸೋ ಸಿಂಕ್ ಬಟನ್ ಒತ್ತಿ, ನನ್ನದೇನೂ ಅಭ್ಯಂತರ ಇಲ್ಲ. ಕೈಯಲ್ಲೇ ಕೂರಿಸ್ತೀನಿ ಅನ್ನೋರು ಒಂದು ನೆನಪಿಡಿ: 138.0ಕ್ಕೂ 138.1ಕ್ಕೂ ಒಂದು ನಿಮಿಷದಲ್ಲಿ ಬೀಟಿನ ಹತ್ತನೇ ಒಂದು ಭಾಗ ಜಾರುತ್ತೆ, ಸುಮಾರು 43 ಮಿಲಿಸೆಕೆಂಡ್. ಎರಡು ಕಿಕ್ ಬೇರೆಬೇರೆಯಾಗಿ ಕೇಳೋಕೆ ಅಷ್ಟು ಧಾರಾಳ ಸಾಕು. ಟ್ರಾನ್ಸ್‌ನಲ್ಲಿ 32 ಬಾರ್ (ಬಾರಿಗೆ ನಾಲ್ಕು ಬೀಟ್) ಮಿಕ್ಸ್ ಅಂದ್ರೇನೇ 56 ಸೆಕೆಂಡ್ ಹತ್ತಿರ, ಅಷ್ಟು ಹೊತ್ತು ಕೈ ಸುಮ್ಮನಿರಬಾರದು.

ನನ್ನ ಪ್ರಕಾರ ಕೀಗಿಂತ ಹೆಚ್ಚು ಕೆಲಸ ಮಾಡೋದು, ಟ್ರ್ಯಾಕಿನ ಯಾವ ಜಾಗದಲ್ಲಿ ಬೆರೆಸ್ತೀವಿ ಅನ್ನೋದು. ಒಂದರ ಔಟ್ರೋದಲ್ಲಿ (ಕೊನೇ ಭಾಗದಲ್ಲಿ) ಬರೀ ಡ್ರಮ್ ಉಳಿದಾಗ ಇನ್ನೊಂದರ ಡ್ರಮ್ ಇಂಟ್ರೋ ಬಿಟ್ರೆ, 8ಎ ಮೇಲೆ, ಚಕ್ರದಲ್ಲಿ ಅದರ ಎದುರಿಗಿರೋ 2ಎ ಬಂದ್ರೂ ಯಾರೂ ತಲೆ ಎತ್ತಿ ನೋಡಲ್ಲ. ಅದೇ ಒಂದರ ಬ್ರೇಕ್‌ಡೌನ್‌ನ (ಡ್ರಮ್ ನಿಂತ ಭಾಗದ) ಪ್ಯಾಡ್, ಅಂದ್ರೆ ಎಳೆದ ಸ್ವರಗಳು, ಇನ್ನೂ ತೇಲ್ತಿರುವಾಗ ಇನ್ನೊಂದರ ಬೇಸ್‌ಲೈನ್ ಒಳಗೆ ಬಂದ್ರೆ, ಒಂದೇ ನಂಬರ್ ಇದ್ರೂ ರಾಡಿ. ಲೋ ಇಕ್ಯೂ (ಬೇಸ್ ಏರಿಸಿ ಇಳಿಸೋ ಗುಂಡಿ) ಒಂದು ಕಡೆ ಪೂರ್ತಿ ಇಳಿಸಿದ ಮೇಲೇ ಇನ್ನೊಂದು ಕಡೆ ಏರಿಸೋದು. ಇದರಲ್ಲಿ ರಾಜಿ ಇಲ್ಲ ತಮ್ಮಾ.

ಸಾಫ್ಟ್‌ವೇರ್ ಹೇಳೋ ಕೀ ಕೂಡ ಒಂದು ಅಂದಾಜೇ. 8ಎಯನ್ನ 8ಬಿ ಅನ್ನುತ್ತೆ, ಕೆಲವೊಮ್ಮೆ ಪಂಚಮವನ್ನೇ ಷಡ್ಜ ಅಂದುಕೊಳ್ಳುತ್ತೆ. ಅದಕ್ಕೇ ಬ್ರೇಕ್‌ಡೌನ್ ಹಾಕ್ಕೊಂಡು, ಪ್ಯಾಡ್ ಜೊತೆ "ಸಾ" ಹಿಡಿದು, ಕೀಬೋರ್ಡ್‌ನಲ್ಲಿ ಮನೆ ಹುಡುಕಿ, ಕಾಮೆಂಟ್ ಕಾಲಂನಲ್ಲಿ "ಬಿಳಿ ಆರು", "ಕಪ್ಪು ಐದು" ಅಂತ ಬರೆದಿಡ್ತೀನಿ. ನನ್ನ ಪೆನ್‌ಡ್ರೈವ್ ಹಾಕಿದ ಬೇರೆ ಡಿಜೆಗಳು ಇದೇನೋ ಬಟ್ಟೆ ಅಂಗಡಿ ಲೆಕ್ಕ ಅಂದ್ಕೊಂಡಿದ್ದಾರೆ.