‘ನಿಮ್ಮ ಪೋಪ್ ಕಮ್ಯುನಿಸ್ಟ್ ಆಗ್ಯಾರೇನ್ರಿ?’

ಭಾನುವಾರ ಚರ್ಚಿಗೆ ಹೋಗುವವನೂ ಸೋಮವಾರ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನೂ ಒಬ್ಬನೇ ಆದರೆ ಕಲಬುರಗಿಯಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ. ನೆಹರೂ ಗಂಜಿನ ಅಡತಿ ಅಂಗಡಿಯಲ್ಲಿ ಕೂತ ಪರಿಚಯದವರು, ‘ಯಾಕ್ರಿ ಸರ, ನಿಮ್ಮ ಪೋಪ್ ಕಮ್ಯುನಿಸ್ಟ್ ಆಗ್ಯಾರೇನು?’ ಅನ್ನುತ್ತಾರೆ. ಕಾರ್ಮಿಕ ಸಂಘಟನೆಯ ಗೆಳೆಯರದು ಅದರ ಉಲ್ಟಾ: ‘ನಿಮ್ಮ ಚರ್ಚ್ ಎಂದಿದ್ರೂ ಸಾಹುಕಾರ್ರ ಕಡೀನೇ ಬಿಡ್ರಿ.’ ನಮ್ಮ ಭಾಗದಲ್ಲಿ ಕ್ಯಾಥೊಲಿಕರು ಕಡಿಮೆ. ಬೀದರ್ ಕಡೆ ಚರ್ಚ್ ಅಂದರೆ ಜನಕ್ಕೆ ಮೊದಲು ನೆನಪಾಗುವುದು ಮೆಥೋಡಿಸ್ಟರದು. ಕಲಬುರಗಿ ಕ್ಯಾಥೊಲಿಕ್ ಧರ್ಮಪ್ರಾಂತ್ಯ ಆದದ್ದೇ 2005ರಲ್ಲಿ. ಹಾಗಾಗಿ ಕೈಗೆ ಸಿಕ್ಕ ಒಬ್ಬನನ್ನೇ ಎಲ್ಲರೂ ಹಿಡಿದು ಕೇಳುತ್ತಾರೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ‘ಇಂಥ ಆರ್ಥಿಕತೆ ಕೊಲ್ಲುತ್ತದೆ’ ಎಂದು ಬರೆದ ಮೇಲಂತೂ ಕೇಳುವವರು ಹೆಚ್ಚಾದರು.

ಪೋಪ್ ಕಮ್ಯುನಿಸ್ಟರೂ ಅಲ್ಲ, ಸಾಹುಕಾರರ ಕಡೆಯವರೂ ಅಲ್ಲ ಎಂದರೆ ಜಾರಿಕೊಂಡಂತೆ ಕೇಳಿಸುತ್ತದೆ. ಅದಕ್ಕೆ ನಾನು ಬೇರೆ ಕಡೆಯಿಂದ ಶುರು ಮಾಡುತ್ತೇನೆ. ಹಣ, ದುಡಿಮೆ, ಆಸ್ತಿ ಕುರಿತ ಚರ್ಚಿನ ಬೋಧನೆ ಗಟ್ಟಿಯಾಗಿ ಹಿಡಿದಿರುವುದು ಒಂದು ಮಾತನ್ನು: ಇಬ್ಬರೂ ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯದ ಕೂಲಿ ಆಗುವುದಿಲ್ಲ.

ಈ ಮಾತು ಬಂದದ್ದು 1891ರ ಮೇ 15ರಂದು. ಪೋಪ್ 13ನೇ ಲಿಯೋ ‘ರೇರುಮ್ ನೋವಾರುಮ್’ ಎಂಬ ಪತ್ರ ಹೊರಡಿಸಿದರು. ಯುರೋಪಿನ ಕಾರ್ಖಾನೆಗಳಲ್ಲಿ ಮಕ್ಕಳೂ ದುಡಿಯುತ್ತಿದ್ದ ಕಾಲ ಅದು. ಖಾಸಗಿ ಆಸ್ತಿಯನ್ನೇ ತೆಗೆದುಹಾಕಿ ಎಂದ ಸಮಾಜವಾದಿಗಳನ್ನು ಲಿಯೋ ನೇರವಾಗಿ ಖಂಡಿಸಿದರು. ಆಸ್ತಿ ಮನುಷ್ಯನ ಸಹಜ ಹಕ್ಕು ಎಂದರು. ಗಂಜಿನವರಿಗೆ ಇಲ್ಲಿಯವರೆಗೆ ಖುಷಿ. ಅದೇ ಪತ್ರ ಮುಂದುವರಿದು, ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕಿದೆ, ದುರ್ಬಲರ ರಕ್ಷಣೆಗೆ ಸರ್ಕಾರ ನಡುವೆ ಬರಲೇಬೇಕು ಎನ್ನುತ್ತದೆ. ಕೂಲಿಯ ಬಗ್ಗೆ ಅದು ಹೇಳುವುದರ ಸಾರ ಇಷ್ಟು: ಮಾಲೀಕ, ಕಾರ್ಮಿಕ ಮುಕ್ತವಾಗಿ ಕರಾರು ಮಾಡಿಕೊಳ್ಳಲಿ, ಆದರೆ ಯಾವ ಕರಾರಿಗಿಂತಲೂ ಹಳೆಯದಾದ ಒಂದು ನ್ಯಾಯವಿದೆ, ಮಿತವಾಗಿ ಬದುಕುವ ದುಡಿಮೆಗಾರನ ಜೀವನಕ್ಕೆ ಕೂಲಿ ಸಾಲಬೇಕು. ಗತಿಯಿಲ್ಲದೆ, ಇನ್ನೂ ಕೆಟ್ಟದ್ದಾದೀತೆಂದು ಹೆದರಿ ಅವನು ಕಡಿಮೆಗೆ ಒಪ್ಪಿದರೆ, ಅದು ಅವನ ಮೇಲೆ ನಡೆದ ಬಲವಂತ.

ಇದನ್ನು ನಮ್ಮ ಕಡೆ ಅರ್ಥ ಮಾಡಿಸಲು ಪುಸ್ತಕ ಬೇಕಾಗಿಲ್ಲ. ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ಜನ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗುತ್ತಾರೆ. ಹೋಗುವ ಮೊದಲೇ ಮುಂಗಡ ಕೈಗೆ ಬಿದ್ದಿರುತ್ತದೆ. ಮಗಳ ಮದುವೆಗೋ ದವಾಖಾನೆಗೋ ಅದು ಖರ್ಚಾಗಿರುತ್ತದೆ. ಆಮೇಲೆ ಪಗಾರ ಎಷ್ಟು ಎಂದು ಚೌಕಾಸಿ ಮಾಡುವ ಬಾಯಿ ಎಲ್ಲಿಂದ ಬರಬೇಕು? ಈ ಮಾತು ತೆಗೆದರೆ ಗಂಜಿನಲ್ಲಿ ಸಿಗುವ ಉತ್ತರ ಸಿದ್ಧವಾಗಿದೆ: ‘ಅವ ಒಪ್ಪಿ ಬಂದಾನ್ರಿ ಸರ, ನಾವೇನ್ ಕೈ ಹಿಡದು ಎಳಕೊಂಡ್ ಬಂದೀವೇನು?’

1982ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಮುಂದೆಯೂ ಇದೇ ವಾದ ಇತ್ತು. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳಲ್ಲಿ ಗುತ್ತೇದಾರರ ಕೈಕೆಳಗೆ ದುಡಿದವರ ಪ್ರಕರಣ. ಕನಿಷ್ಠ ಕೂಲಿಗಿಂತ ಕಡಿಮೆಗೆ ಒಬ್ಬ ದುಡಿಯುತ್ತಿದ್ದರೆ ಅವನನ್ನು ಹಸಿವು, ಬಡತನ ದೂಡಿವೆ; ಆ ಒತ್ತಡವೂ ಬಲವಂತವೇ; ಆದ್ದರಿಂದ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದರು. ರೋಮಿನ ಪತ್ರಕ್ಕೂ ದೆಹಲಿಯ ತೀರ್ಪಿಗೂ ನಡುವೆ 91 ವರ್ಷ. ಕ್ಲಾಸಿನಲ್ಲಿ ಎರಡನ್ನೂ ಒಟ್ಟಿಗೆ ಓದಿಸಿದರೆ, ಪೋಪ್ ಹೆಸರು ಕೇಳಿ ಮುಖ ತಿರುವುವ ಹುಡುಗರೂ ಕಿವಿ ಕೊಡುತ್ತಾರೆ.

ಇನ್ನೊಂದು ಪತ್ರ 1981ರದು, ಪೋಪ್ ಎರಡನೇ ಜಾನ್ ಪಾಲ್ ಬರೆದದ್ದು. ಬಂಡವಾಳಕ್ಕಿಂತ ದುಡಿಮೆ ಮೊದಲು ಎಂಬುದು ಅದರ ಹೆಸರುವಾಸಿ ಮಾತು. ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಅದರಲ್ಲಿನ ‘ಪರೋಕ್ಷ ಮಾಲೀಕ’ನ ವಿಚಾರ. ಕೂಲಿ ಎಣಿಸಿ ಕೊಡುವವನು ಒಬ್ಬನೇ ಹೊಣೆಗಾರನಲ್ಲ. ಆ ಕೂಲಿ ಅಷ್ಟಕ್ಕೇ ನಿಲ್ಲುವಂತೆ ಮಾಡುವ ಕಾನೂನು, ಸರ್ಕಾರ, ದೊಡ್ಡ ಕಂಪನಿಗಳೂ ಹೊಣೆಗಾರರು. ನಮ್ಮಲ್ಲಿನ ಒಂದು ವಿಚಿತ್ರ ನೋಡಿ. ಗುತ್ತೇದಾರರ ಮೂಲಕ ವಲಸೆ ಹೋಗುವ ಕಾರ್ಮಿಕರಿಗೆಂದು 1979ರಲ್ಲಿ ಆಗಿ 2025ರವರೆಗೆ ಇದ್ದ ಕಾಯ್ದೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಆಗಿತ್ತು. ಯಾದಗಿರಿಯಿಂದ ಹತ್ತಿರದ ಹೈದರಾಬಾದಿಗೆ ಹೋದವನು ಅದರ ಲೆಕ್ಕಕ್ಕೆ ಬಂದ. ಅದರ ಎರಡು ಪಟ್ಟಿಗೂ ಹೆಚ್ಚು ದೂರದ ಬೆಂಗಳೂರಿಗೆ ಹೋದವನು ಬರಲಿಲ್ಲ, ಯಾಕೆಂದರೆ ಅವನು ‘ಸ್ವಂತ ರಾಜ್ಯದಲ್ಲೇ’ ಇದ್ದ. ಇದರಲ್ಲಿ ಮೇಸ್ತ್ರಿಯನ್ನು ಮಾತ್ರ ಬೈದರೆ ಆಗುತ್ತದೆಯೇ?

ಆಸ್ತಿಯ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಭೂಮಿಯ ಸಂಪತ್ತು ಎಲ್ಲರಿಗಾಗಿ ಇರುವಂಥದ್ದು, ಒಬ್ಬನ ಒಡೆತನ ಅದಕ್ಕೆ ಒಳಪಟ್ಟದ್ದು ಎಂಬುದು ಹಳೆಯ ಬೋಧನೆ. 1967ರಲ್ಲಿ ಪೋಪ್ ಆರನೇ ಪಾಲ್, ಆಸ್ತಿಹಕ್ಕು ಯಾರಿಗೂ ಷರತ್ತಿಲ್ಲದ ಹಕ್ಕಲ್ಲ ಎಂದು ಬರೆದಾಗ ಅಮೆರಿಕದ ಪತ್ರಿಕೆಗಳೂ ಸಿಟ್ಟಾಗಿದ್ದವು. ಹಾಗೆಂದು ಎಲ್ಲವನ್ನೂ ಸರ್ಕಾರದ ಕೈಗೆ ಕೊಡಿ ಎಂದೂ ಅಲ್ಲ. ಕೆಳಗಿನ ಹಂತದಲ್ಲಿ ಆಗುವ ಕೆಲಸವನ್ನು ಮೇಲಿನವರು ಕಸಿದುಕೊಳ್ಳಬಾರದು ಎಂದು 1931ರಲ್ಲಿ ಪೋಪ್ 11ನೇ ಪಿಯುಸ್ ಹೇಳಿದ್ದರು. ಎಲ್ಲ ಸಹಿಗೂ ಬೆಂಗಳೂರಿನ ಬಸ್ಸು ಹತ್ತಬೇಕಾದ ನಮ್ಮ ಜಿಲ್ಲೆಗಳವರಿಗೆ ಇದನ್ನು ವಿವರಿಸಬೇಕಿಲ್ಲ.

‘ಇದೆಲ್ಲಾ ಬಸವಣ್ಣನೋರು ಹೇಳ್ಯಾರಲ್ರಿ’ ಎನ್ನುವವರೂ ಇದ್ದಾರೆ. ಬಸವಕಲ್ಯಾಣ ಇರುವ ನಾಡಿನಲ್ಲಿ, ದಾಸೋಹದ ಶರಣಬಸವೇಶ್ವರರ ಊರಿನಲ್ಲಿ ಈ ಮಾತು ಬರದಿದ್ದರೇ ಆಶ್ಚರ್ಯ. ಹೌದು, ಹತ್ತಿರದ ಮಾತುಗಳೇ. ಆದರೆ ಒಂದು ವ್ಯತ್ಯಾಸ ನನಗೆ ಕಾಣುತ್ತದೆ. ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ವಾಪಸ್ ಸುರಿದು ಬಾ ಎಂದಳು. ಅವಳ ಪ್ರಶ್ನೆ ತೆಗೆದುಕೊಳ್ಳುವವನಿಗೆ: ಹೆಚ್ಚು ಯಾಕೆ ತಂದೆ? ಲಿಯೋ ಪ್ರಶ್ನೆ ಕೊಡುವವನಿಗೆ: ಕಡಿಮೆ ಯಾಕೆ ಕೊಟ್ಟೆ? ಲಕ್ಕಮ್ಮನದು ಇನ್ನೂ ಕಠಿಣ ಎಂದು ನನ್ನ ಅನಿಸಿಕೆ, ಆದರೆ ಅದನ್ನು ಕೂಲಿಯವರಿಗೇ ಉಪದೇಶ ಮಾಡುವ ಸಾಹುಕಾರರನ್ನು ಕಂಡಿದ್ದೇನೆ.

ಸಂಘಟನೆಯ ಗೆಳೆಯರ ಚುಚ್ಚುಮಾತಿಗೂ ಉತ್ತರ ಕೊಡಬೇಕು. 1971ರಲ್ಲಿ ರೋಮಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ, ನ್ಯಾಯದ ಬಗ್ಗೆ ಮಾತಾಡುವವರು ಮೊದಲು ಜನರ ಕಣ್ಣಿಗೆ ನ್ಯಾಯವಂತರಾಗಿ ಕಾಣಬೇಕು, ಚರ್ಚಿನಲ್ಲಿ ದುಡಿಯುವವರಿಗೆ ಸಾಕಾಗುವ ಸಂಬಳ ಸಿಗಬೇಕು ಎಂದು ಬರೆದುಕೊಂಡಿದೆ. ಅನುದಾನವಿಲ್ಲದ ಶಾಲೆಯ ಟೀಚರಮ್ಮ, ಹಾಸ್ಟೆಲಿನಲ್ಲಿ ಅಡುಗೆ ಮಾಡುವವರು, ಗೇಟಿನ ವಾಚಮನ್ ಇವರ ಸಂಬಳದ ಚೀಟಿಗಳನ್ನು ಆ ಸಾಲಿನ ಪಕ್ಕ ಇಟ್ಟು ನೋಡಿದರೆ ಎಲ್ಲ ಕಡೆ ತಲೆ ಎತ್ತಿ ನಿಲ್ಲಲಾಗದು. ಜಾತಿಯ ವಿಷಯವೂ ಹಾಗೇ. 1950ರ ರಾಷ್ಟ್ರಪತಿ ಆದೇಶದಿಂದಾಗಿ ಕ್ರೈಸ್ತ ದಲಿತರಿಗೆ ಪರಿಶಿಷ್ಟ ಜಾತಿಯ ಸೌಲಭ್ಯವಿಲ್ಲ ಎಂದು ನಾವು ಹೋರಾಡುತ್ತೇವೆ, ಸರಿಯೇ. ಚರ್ಚಿನೊಳಗಿನ ಜಾತಿಭೇದವನ್ನು ಭಾರತದ ಧರ್ಮಾಧ್ಯಕ್ಷರ ಮಂಡಳಿಯೇ 2016ರಲ್ಲಿ ತನ್ನ ನೀತಿಯಲ್ಲಿ ಒಪ್ಪಿಕೊಂಡಿತು. ಬೋಧನೆ ಸಾಹುಕಾರರ ಕಡೆ ಇಲ್ಲ; ಸಂಸ್ಥೆಗಳು ಆಗಾಗ ಆ ಕಡೆ ವಾಲಿವೆ. ಗೆಳೆಯರಿಗೆ ನಾನು ಹೇಳಬಹುದಾದದ್ದು ಇಷ್ಟೇ.

ಈಗಿನ ಪೋಪ್ 14ನೇ ಲಿಯೋ ಬಂದ ಮೇಲೆ ಪ್ರಶ್ನೆ ಹೊಸ ರೂಪ ಪಡೆದಿದೆ. 2025ರ ಮೇ 10ರಂದು ಕಾರ್ಡಿನಲ್‌ಗಳ ಮುಂದೆ, ಹಿಂದಿನ ಲಿಯೋ ಮೊದಲ ಕೈಗಾರಿಕಾ ಕ್ರಾಂತಿಯನ್ನು ಎದುರಿಸಿದಂತೆ ಈಗ ಕೃತಕ ಬುದ್ಧಿಮತ್ತೆಯ ಕಾಲವನ್ನು ಎದುರಿಸಬೇಕು, ಅದಕ್ಕೇ ಈ ಹೆಸರು ಎಂದರು. ‘ಅದು ಅಮೆರಿಕಾದ ಮಾತಾತು, ನಮಗೇನು?’ ಎಂದ ವಿದ್ಯಾರ್ಥಿಗಳಿಗೆ ನಾನು ತೋರಿಸುವುದು ತೊಗರಿಬೇಳೆ ಮಿಲ್ಲು. ಮೊದಲು ಹೆಂಗಸರು ಸಾಲಾಗಿ ಕೂತು ಹಸನು ಮಾಡುತ್ತಿದ್ದ ಬೇಳೆಯನ್ನು ಈಗ ಕ್ಯಾಮೆರಾ ಇಟ್ಟ ಸಾರ್ಟೆಕ್ಸ್ ಯಂತ್ರ ಬಣ್ಣ ನೋಡಿ ಬೇರ್ಪಡಿಸುತ್ತದೆ. ಯಂತ್ರ ಬೇಡ ಎಂದು ಯಾವ ಪೋಪರೂ ಬರೆದಿಲ್ಲ. 1981ರ ಪತ್ರ ಅದನ್ನು ಮನುಷ್ಯನ ಮಿತ್ರ ಎನ್ನುತ್ತದೆ, ಕೆಲಸ ಕಿತ್ತುಕೊಂಡಾಗ ಹೆಚ್ಚುಕಡಿಮೆ ಶತ್ರುವಾಗುತ್ತದೆ ಎಂದೂ ಸೇರಿಸುತ್ತದೆ. ಕೆಲಸ ಹೋದವರಿಗೆ ನೆರವು ಕೊಡುವುದು ಕರ್ತವ್ಯ, ಅದು ಬದುಕುವ ಹಕ್ಕಿನಿಂದಲೇ ಬಂದದ್ದು ಎಂಬ ಮಾತೂ ಅಲ್ಲಿದೆ. ಹೇಗೆ ಕೊಡಬೇಕೆಂಬ ಲೆಕ್ಕ ಮಾತ್ರ ಅದರಲ್ಲಿ ಸಿಗುವುದಿಲ್ಲ. ಅದು ನಮ್ಮಂಥ ಅರ್ಥಶಾಸ್ತ್ರದವರ, ಸರ್ಕಾರದವರ ಪಾಲಿಗೆ ಬಿಟ್ಟದ್ದು. ದಿನಗೂಲಿಗೆ ಬಂದು ಹೋದ ಆ ಹೆಂಗಸರ ಹೆಸರು ಹಾಜರಿ ಪುಸ್ತಕದಲ್ಲೇ ಇಲ್ಲದಿದ್ದರೆ ನೆರವು ಹೋಗಿ ಮುಟ್ಟಲು ವಿಳಾಸವೂ ಇರುವುದಿಲ್ಲ. ನಮ್ಮ ಮಿಲ್ಲುಗಳಲ್ಲಿ ಮೊದಲು ಆ ಹೆಸರುಗಳನ್ನು ಬರೆಯಬೇಕಾಗಿದೆ.