ಬರ್ರೋಗಿಂತ ಮುಂಚೆ ಬೆಂಗಲ್ಸ್‌ನಲ್ಲಿ ಯಾರಿದ್ದರು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಅಮೆರಿಕನ್ ಫುಟ್‌ಬಾಲ್‌ನ ಬೆಂಗಲ್ಸ್ ತಂಡದ ಮಾತು ಬಂದರೆ ಜನರಿಗೆ ಗೊತ್ತಿರುವುದು ಅದರ ಈಗಿನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವನು) ಜೋ ಬರ್ರೋ ಒಬ್ಬನೇ. ಆದ್ದರಿಂದ ಪ್ರಶ್ನೆ ಯಾವಾಗಲೂ ಒಂದೇ ಧಾಟಿಯಲ್ಲಿ ಬರುತ್ತದೆ. "ಸಿನ್ಸಿನಾಟಿ ಬೆಂಗಲ್ಸ್ ಅಂತೀರಲ್ಲ, ಜೋ ಬರ್ರೋ ಬರೋಕೆ ಮುಂಚೆ ಅಲ್ಲಿ ಹೇಳಿಕೊಳ್ಳೋ ಅಂಥ ಆಟಗಾರ ಯಾರಾದ್ರೂ ಇದ್ರಾ?" ಇದ್ದರು ಎಂದು ಹೆಸರು ಹೇಳಿದರೆ, ಉಸಿರು ಬಿಡುವಷ್ಟರಲ್ಲಿ ಎರಡನೆಯದು: "ಹೌದಾ? ಸೂಪರ್ ಬೌಲ್ ಗೆದ್ದಿದ್ದಾನಾ?"

ಗೆದ್ದಿಲ್ಲ. ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಅನ್ನು ಬೆಂಗಲ್ಸ್ ತಂಡ ಒಮ್ಮೆಯೂ ಗೆದ್ದಿಲ್ಲ. 1982ರ ಜನವರಿಯಲ್ಲಿ 26–21, 1989ರ ಜನವರಿಯಲ್ಲಿ 20–16, 2022ರ ಫೆಬ್ರವರಿಯಲ್ಲಿ 23–20. ಮೂರು ಫೈನಲ್, ಮೂರೂ ಸೋಲು, ಮೂರೂ ಸೇರಿ ಅಂತರ 12 ಅಂಕ. ಇಷ್ಟು ಗೊತ್ತಿದ್ದೂ ಆ ಎರಡನೆಯ ಪ್ರಶ್ನೆ ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ, ಮಾತು ಮುಗಿಸಬೇಕಾಗಿರುತ್ತದೆ. ಸ್ಯಾನ್ ಡಿಯಾಗೋದ ಕ್ವಾರ್ಟರ್‌ಬ್ಯಾಕ್ ಡ್ಯಾನ್ ಫೌಟ್ಸ್ ಸೂಪರ್ ಬೌಲ್ ಆಡಲೇ ಇಲ್ಲ, ಆದರೂ ಆಟದ ಶ್ರೇಷ್ಠರನ್ನು ಗೌರವಿಸುವ ಹಾಲ್ ಆಫ್ ಫೇಮ್‌ನಲ್ಲಿದ್ದಾನೆ. ಅವನು ಗೆದ್ದಿದ್ದಾನಾ ಎಂದು ಯಾರೂ ಕೇಳುವುದಿಲ್ಲ. ಆ ಫೌಟ್ಸ್‌ನ ತಂಡವನ್ನು 1982ರ ಜನವರಿ 10ರಂದು, ಮೈನಸ್ 9 ಡಿಗ್ರಿ ಫ್ಯಾರನ್‌ಹೀಟ್‌ನ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಮೈನಸ್ 23ರ ಚಳಿಯಲ್ಲಿ, 27–7ರಿಂದ ಸೋಲಿಸಿ ಮನೆಗೆ ಕಳಿಸಿದವನು ಬೆಂಗಲ್ಸ್‌ನ ಕ್ವಾರ್ಟರ್‌ಬ್ಯಾಕ್ ಕೆನ್ ಆ್ಯಂಡರ್ಸನ್. ಆ್ಯಂಡರ್ಸನ್ ನಾನಿದನ್ನು ಬರೆಯುವ ಹೊತ್ತಿಗೂ ಹೊರಗೇ ಇದ್ದಾನೆ.

ಹೆಸರು ಬೇಕು ಅಂದಿರಲ್ಲ, ಅದೇ ಮೊದಲ ಹೆಸರು.

ಇಲಿನಾಯ್‌ನ ಆಗಸ್ಟಾನಾ ಎಂಬ ಸಣ್ಣ ಕಾಲೇಜಿನಿಂದ ಬಂದವನು. 1971ರಲ್ಲಿ, ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ ಆಯ್ಕೆಯಾದ. 16 ವರ್ಷ ಒಂದೇ ತಂಡ, ಎಸೆತದಿಂದ ಗಳಿಸಿದ್ದು 32,838 ಯಾರ್ಡ್. ಕ್ವಾರ್ಟರ್‌ಬ್ಯಾಕ್‌ಗಳನ್ನು ಅಳೆಯುವ ಪಾಸರ್ ರೇಟಿಂಗ್‌ನಲ್ಲಿ 1974, 1975, 1981, 1982, ಹೀಗೆ ನಾಲ್ಕು ಸಲ ಇಡೀ ಲೀಗ್‌ಗೆ ಮೊದಲಿಗ. 1981ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಅವನದೇ.

ಇಲ್ಲಿ ಇನ್ನೊಂದು ತಕರಾರು ಏಳುತ್ತದೆ: "ಅವನ ರೇಟಿಂಗ್ 93, 95 ಅಷ್ಟೇ ಅಲ್ವಾ? ಈಗಿನ ಹುಡುಗರೆಲ್ಲ 100 ದಾಟ್ತಾರೆ." ಸಂಖ್ಯೆ ಎಲ್ಲಿಂದ ಬಂತು ಎಂದು ನೋಡದೆ ಸಂಖ್ಯೆ ಹೋಲಿಸಬಾರದು. ಲೆಕ್ಕ ಹೀಗೆ. ಒಟ್ಟು ಎಸೆತದಲ್ಲಿ ತನ್ನವರ ಕೈ ಸೇರಿದ ಪಾಲನ್ನು ತೆಗೆದುಕೊಂಡು, 0.3 ಕಳೆದು, 5ರಿಂದ ಗುಣಿಸಬೇಕು. ಎಸೆತಕ್ಕೆ ಸರಾಸರಿ ಯಾರ್ಡ್‌ನಿಂದ 3 ಕಳೆದು, 4ರಿಂದ ಭಾಗಿಸಬೇಕು. ಎಸೆತಕ್ಕೆ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಪಾಲನ್ನು 20ರಿಂದ ಗುಣಿಸಬೇಕು. ಇಂಟರ್‌ಸೆಪ್ಷನ್ (ಎಸೆತ ಎದುರಾಳಿಯ ಕೈ ಸೇರುವುದು) ಪಾಲನ್ನು 25ರಿಂದ ಗುಣಿಸಿ 2.375ರಿಂದ ಕಳೆಯಬೇಕು. ನಾಲ್ಕರಲ್ಲಿ ಯಾವುದೂ ಸೊನ್ನೆಗಿಂತ ಕೆಳಗೆ ಇಳಿಯುವಂತಿಲ್ಲ, 2.375 ಮೀರುವಂತಿಲ್ಲ. ನಾಲ್ಕನ್ನೂ ಕೂಡಿಸಿ, 6ರಿಂದ ಭಾಗಿಸಿ, 100ರಿಂದ ಗುಣಿಸಿದರೆ ರೇಟಿಂಗ್.

1975ರ ಆ್ಯಂಡರ್ಸನ್ ಅನ್ನು ಇದರಲ್ಲಿ ಹಾಕೋಣ. 377 ಎಸೆತ, ಕೈ ಸೇರಿದ್ದು 228, ಯಾರ್ಡ್ 3,169, ಟಚ್‌ಡೌನ್ 21, ಇಂಟರ್‌ಸೆಪ್ಷನ್ 11. ನಾಲ್ಕು ಭಾಗಗಳು 1.524, 1.351, 1.114, 1.646. ಒಟ್ಟು 5.635. ರೇಟಿಂಗ್ 93.9.

ಈ ಸೂತ್ರ ಜಾರಿಗೆ ಬಂದದ್ದು 1973ರಲ್ಲಿ. ಅದಕ್ಕೆ ಹಿಂದಿನ ವರ್ಷಗಳ ಆಟವನ್ನು ಆಧಾರವಾಗಿಟ್ಟುಕೊಂಡು, ಸರಾಸರಿ ಆಟಗಾರನಿಗೆ ಪ್ರತಿ ಭಾಗದಲ್ಲೂ 1 ಬರುವ ಹಾಗೆ ಕಟ್ಟಿದ್ದು. ನಾಲ್ಕು ಒಂದು ನಾಲ್ಕು, ಅದನ್ನು 6ರಿಂದ ಭಾಗಿಸಿದರೆ 66.7. ಅದು ಅಂದಿನ ಸಾಧಾರಣ. 93.9 ಅಂದರೆ ಆ ಗೆರೆಗಿಂತ 27 ಮೇಲೆ. ಇಂದು ಲೀಗ್‌ನ ಸರಾಸರಿಯೇ 90ರ ಆಸುಪಾಸು. ಅಂದಿನ 93.9 ಅನ್ನು ಇಂದಿನ 93.9ರ ಪಕ್ಕ ಇಡುವುದು, ಅದೇ 1975ರ ಜನವರಿಯಲ್ಲಿ ಮದ್ರಾಸಿನ ಚೆಪಾಕ್‌ನಲ್ಲಿ ಆ್ಯಂಡಿ ರಾಬರ್ಟ್ಸ್ ಎದುರು, ತಂಡದ 190ರಲ್ಲಿ ನಮ್ಮ ವಿಶ್ವನಾಥ್ ಒಬ್ಬರೇ ಹೊಡೆದ 97 ನಾಟೌಟ್ ಅನ್ನು "ಸೆಂಚುರಿ ಅಲ್ವಲ್ಲ" ಎಂದು ಪಕ್ಕಕ್ಕಿಟ್ಟ ಹಾಗೆ.

ಸಂಖ್ಯೆ ಏರಿದ್ದಕ್ಕೆ ಕಾರಣ ಕೈಗಳಲ್ಲಿಲ್ಲ, ನಿಯಮಗಳಲ್ಲಿದೆ. 1978ಕ್ಕೆ ಮುಂಚೆ ಚೆಂಡು ಹಿಡಿಯಲು ಓಡುವವನನ್ನು ಮೈದಾನದ ನಡುವೆಯೂ ತಳ್ಳಿ ದಾರಿ ತಪ್ಪಿಸಲು ರಕ್ಷಣೆಯವರಿಗೆ ಬಹಳ ಅವಕಾಶವಿತ್ತು. ಆ ವರ್ಷದಿಂದ ಅದು 5 ಯಾರ್ಡ್ ಒಳಗೆ ಮಾತ್ರ. ಅದೇ ವರ್ಷ, ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಸಾಲಿನವರು ಅಂಗೈ ಬಿಚ್ಚಿ, ತೋಳು ಚಾಚಿ ತಡೆಯಬಹುದು ಎಂದೂ ಆಯಿತು. ಆ್ಯಂಡರ್ಸನ್‌ನ ಮೊದಲ ಎರಡು ಕಿರೀಟಗಳು ಈ ಬದಲಾವಣೆಗೆ ಮುಂಚಿನವು, ಕೊನೆಯ ಎರಡು ನಂತರದವು. ಎರಡು ಬೇರೆ ಬೇರೆ ಆಟಗಳಲ್ಲಿ ಒಬ್ಬನೇ ಮೊದಲಿಗ! 1982ರಲ್ಲಿ 309 ಎಸೆತದಲ್ಲಿ 218 ಕೈ ಸೇರಿದವು, ನೂರಕ್ಕೆ 70.6. ಆ ದಾಖಲೆಯನ್ನು ಡ್ರೂ ಬ್ರೀಸ್ ಕೂದಲೆಳೆಯಲ್ಲಿ ದಾಟಿದ್ದು 2009ರಲ್ಲಿ. ನಿಯಮಗಳೆಲ್ಲ ಎಸೆಯುವವನ ಕಡೆ ವಾಲಿದ ಮೇಲೂ 27 ವರ್ಷ ಬೇಕಾಯಿತು.

ಇನ್ನು ಆ ಸೋತ ಫೈನಲ್. 1982ರ ಜನವರಿ 24, ಪಾಂಟಿಯಾಕ್. ಆ್ಯಂಡರ್ಸನ್ 34ರಲ್ಲಿ 25, 300 ಯಾರ್ಡ್, ಎರಡು ಟಚ್‌ಡೌನ್ ಎಸೆದು ಒಂದನ್ನು ತಾನೇ ಓಡಿ ಹೊಡೆದ. ಎರಡು ಇಂಟರ್‌ಸೆಪ್ಷನ್ ಕೂಡ ಅವನದೇ ತಪ್ಪು, ಅದನ್ನು ಮುಚ್ಚಿಡುವುದಿಲ್ಲ. ಬೆಂಗಲ್ಸ್ ಒಟ್ಟು 356 ಯಾರ್ಡ್ ಹೋದರು, ಸ್ಯಾನ್ ಫ್ರಾನ್ಸಿಸ್ಕೋ 275. ಟಚ್‌ಡೌನ್ ಇವರದು ಮೂರು, ಅವರದು ಎರಡು. ಹಾಗಿದ್ದೂ ಸೋತದ್ದು ಹೇಗೆ? ನಾಲ್ಕು ಸಲ ಚೆಂಡು ಕಳೆದುಕೊಂಡರು, ಸ್ಯಾನ್ ಫ್ರಾನ್ಸಿಸ್ಕೋದ ರೇ ವರ್ಶಿಂಗ್ ನಾಲ್ಕು ಫೀಲ್ಡ್ ಗೋಲ್ (ಕಾಲಿನಿಂದ ಒದ್ದು ಗಳಿಸುವ 3 ಅಂಕ) ಹೊಡೆದ, ಮೂರನೇ ಕ್ವಾರ್ಟರ್‌ನಲ್ಲಿ 3 ಯಾರ್ಡ್ ಗೆರೆಯಿಂದ ನಾಲ್ಕು ಯತ್ನ ಮಾಡಿಯೂ ಒಳಗೆ ಹೋಗಲಾಗಲಿಲ್ಲ. ನಾಲ್ಕರಲ್ಲಿ ಮೂರು ಸಲ ಚೆಂಡು ಕೊಟ್ಟದ್ದು ಓಟಗಾರ ಪೀಟ್ ಜಾನ್ಸನ್ ಕೈಗೆ. ಇದು ತಂಡದ ಸೋಲು. ಕ್ವಾರ್ಟರ್‌ಬ್ಯಾಕ್ ಒಬ್ಬನ ಹಣೆಗೆ ಬರೆಯುವುದು ನ್ಯಾಯವಲ್ಲ.

ಎದುರಿಗೆ ನಿಂತ ಕೋಚ್ ಬಿಲ್ ವಾಲ್ಶ್. "ವೆಸ್ಟ್ ಕೋಸ್ಟ್" ಎಂದು ಜಗತ್ತು ಕರೆಯುವ ಸಣ್ಣ ಎಸೆತಗಳ ಆಟವನ್ನು ಅವನು ಕಟ್ಟಿದ್ದು ಸಿನ್ಸಿನಾಟಿಯಲ್ಲಿ, ಸಹಾಯಕ ಕೋಚ್ ಆಗಿದ್ದಾಗ. ಅದಕ್ಕೆ ಕಾರಣ ಮರೆತುಹೋದ ಮತ್ತೊಬ್ಬ ಕ್ವಾರ್ಟರ್‌ಬ್ಯಾಕ್, ಗ್ರೆಗ್ ಕುಕ್. 1969ರಲ್ಲಿ ಹೊಸಬನಾಗಿ ಬಂದು ಎಸೆತಕ್ಕೆ 9.4 ಯಾರ್ಡ್ ತೆಗೆದ. ಆ ಸಂಖ್ಯೆಯನ್ನು ಇನ್ನೊಮ್ಮೆ ಓದಿ. ಮೇಲೆ ಲೆಕ್ಕ ಹಾಕಿದ ಆ್ಯಂಡರ್ಸನ್‌ನ ಅಷ್ಟು ಒಳ್ಳೆಯ ವರ್ಷದಲ್ಲೂ ಅದು 8.4. ಅದೇ ವರ್ಷ ಕ್ಯಾನ್ಸಸ್ ಸಿಟಿ ಎದುರು ಭುಜದ ರೋಟೇಟರ್ ಕಫ್ ಹರಿಯಿತು. ಎಂಆರ್‌ಐ ಇಲ್ಲದ ಕಾಲ, ಗಾಯ ಎಷ್ಟು ಆಳ ಎಂದು ತಿಳಿಯದೆ ಅವನು ಮತ್ತೆ ಆಡಿದ. ಭುಜ ಹೋಯಿತು, ಆಟ ಮುಗಿಯಿತು. 1970ಕ್ಕೆ ಸಿಕ್ಕ ವರ್ಜಿಲ್ ಕಾರ್ಟರ್‌ಗೆ ದೂರ ಎಸೆಯುವ ತೋಳಿರಲಿಲ್ಲ. ಆದ್ದರಿಂದ ವಾಲ್ಶ್ ಮೈದಾನವನ್ನು ಉದ್ದಕ್ಕೆ ಬಿಟ್ಟು ಅಗಲಕ್ಕೆ ಬಳಸಿದ. ಮೂರು ಅಥವಾ ಐದು ಹೆಜ್ಜೆ ಹಿಂದೆ, ಕೊನೆಯ ಹೆಜ್ಜೆ ಊರಿದ ಕೂಡಲೇ ಎಸೆತ, ಹಿಡಿಯುವವನು ತಿರುಗುವುದಕ್ಕೆ ಮುಂಚೆಯೇ ಚೆಂಡು ಗಾಳಿಯಲ್ಲಿ. ಹೆಜ್ಜೆ ತಪ್ಪಿದರೆ ಸಮಯ ತಪ್ಪುತ್ತದೆ, ಸಮಯ ತಪ್ಪಿದರೆ ಚೆಂಡು ಎದುರಾಳಿಯ ಕೈಗೆ. ಇದನ್ನು ಗಡಿಯಾರದಷ್ಟು ಕರಾರುವಾಕ್ಕಾಗಿ ಮೊದಲು ಆಡಿ ತೋರಿಸಿದವನು ಆ್ಯಂಡರ್ಸನ್. 1974ರ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನ ಆ ಭಯಂಕರ ರಕ್ಷಣೆಯ ಎದುರು 22ರಲ್ಲಿ 20! ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಾಲ್ಶ್‌ನ ಕ್ವಾರ್ಟರ್‌ಬ್ಯಾಕ್ ಆದ ಜೋ ಮೊಂಟಾನಾಗೆ ಇದೇ ಪಾಠ ಸಿಕ್ಕಿದ್ದು ವರ್ಷಗಳ ನಂತರ.

ಆ್ಯಂಡರ್ಸನ್‌ನ ಎಸೆತ ಹಿಡಿಯುತ್ತಿದ್ದ ಐಸಾಕ್ ಕರ್ಟಿಸ್ ಓಟದ ಪಂದ್ಯಗಳಿಂದ ಬಂದವನು. ಕ್ಯಾಚ್‌ಗೆ ಸರಾಸರಿ 17.1 ಯಾರ್ಡ್. 1973ರ ಪ್ಲೇಆಫ್‌ನಲ್ಲಿ ಮಯಾಮಿಯವರು ಅವನನ್ನು ಓಡಲೇ ಬಿಡದೆ ಗುದ್ದಿ ತಡೆದರು. ಕೋಚ್ ಪಾಲ್ ಬ್ರೌನ್ ಪಟ್ಟು ಹಿಡಿದ, 1974ರಲ್ಲಿ ಅಂಥ ತಡೆಗೆ ಮೊದಲ ಕಡಿವಾಣ ಬಿತ್ತು. ಜನ ಅದನ್ನು ಕರ್ಟಿಸ್ ನಿಯಮ ಎಂದೇ ಕರೆದರು. ಇಂದಿನ ಬೆಂಗಲ್ಸ್‌ನ ಜಾಮಾರ್ ಚೇಸ್ ಬಿಡುಬೀಸಾಗಿ ಓಡುವ ದಾರಿ ತೆರೆಯಲು ಶುರುವಾದದ್ದು ಅಲ್ಲಿಂದ.

ಕೆನ್ ರೈಲಿಯ ವಿಷಯ ಹೇಳಿದರೆ ಸಿಟ್ಟು ಬರುತ್ತದೆ. ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್, ಇಲ್ಲಿ ಬ್ರೌನ್ ಅವನನ್ನು ಕಾರ್ನರ್‌ಬ್ಯಾಕ್, ಅಂದರೆ ಎಸೆತ ಹಿಡಿಯುವವನನ್ನು ತಡೆಯುವವನಾಗಿ ಮಾಡಿದ. 15 ವರ್ಷ, 207 ಪಂದ್ಯ, 65 ಇಂಟರ್‌ಸೆಪ್ಷನ್. ನಿವೃತ್ತಿಯ ಹೊತ್ತಿಗೆ ಲೀಗ್ ಇತಿಹಾಸದಲ್ಲಿ ನಾಲ್ಕನೆಯ ಸ್ಥಾನ. ವರ್ಷದ ತಾರೆಯರ ಪಂದ್ಯವಾದ ಪ್ರೋ ಬೌಲ್‌ಗೆ ಎಷ್ಟು ಸಲ ಕರೆದರು? ಒಮ್ಮೆಯೂ ಇಲ್ಲ. ಇನ್ನೊಂದು ಬದಿಯಲ್ಲಿ ಲೆಮಾರ್ ಪ್ಯಾರಿಶ್ ಇದ್ದ, ಎದುರಾಳಿ ಒದ್ದು ಕಳಿಸಿದ ಚೆಂಡು (ಪಂಟ್) ಹಿಡಿದು ಓಡಿದರೆ ಕ್ಯಾಮೆರಾ ಅವನ ಹಿಂದೆಯೇ. ಪ್ಯಾರಿಶ್‌ಗೆ ಎಂಟು ಪ್ರೋ ಬೌಲ್ ಸಿಕ್ಕವು. ರೈಲಿಯನ್ನು 2023ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿಸಿದರು, ಅವನು ತೀರಿಕೊಂಡು ಮೂರು ವರ್ಷವಾದ ಮೇಲೆ. ಬೆಂಗಲ್ಸ್‌ನಲ್ಲೇ ಬಾಳಿದ ಆಟಗಾರರಲ್ಲಿ ಅಲ್ಲಿರುವುದು ಅವನು ಮತ್ತು ಆಂಥನಿ ಮುನ್ಯೋಸ್, ಇಬ್ಬರೇ.

ಇಷ್ಟು ಹೇಳಿದ ಮೇಲೂ ಯಾರೂ ಕೇಳದ ಪ್ರಶ್ನೆಯೊಂದಿದೆ, ನನಗೆ ನಿಜಕ್ಕೂ ಬೇಕಾದದ್ದು ಅದು: ಸ್ಕೋರ್ ಪಟ್ಟಿಯಲ್ಲಿ ಹೆಸರೇ ಬಾರದವನ ಆಟವನ್ನು ನೋಡುವುದು ಹೇಗೆ?

ವಿಲ್ಲಿ ಆ್ಯಂಡರ್ಸನ್. ಕೆನ್‌ಗೂ ಇವನಿಗೂ ನಂಟಿಲ್ಲ. ರೈಟ್ ಟ್ಯಾಕಲ್, ಅಂದರೆ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಸಾಲಿನ ಬಲತುದಿಯವನು, ಅಂಗಿ ಸಂಖ್ಯೆ 71, ಎತ್ತರ 6 ಅಡಿ 5 ಇಂಚು, ತೂಕ 340 ಪೌಂಡ್. 1996ರಿಂದ 2007ರವರೆಗೆ ಸಿನ್ಸಿನಾಟಿ. 2004, 2005, 2006 ಮೂರೂ ವರ್ಷ ಲೀಗ್‌ನ ಮೊದಲ ಆಲ್-ಪ್ರೋ ತಂಡದಲ್ಲಿ, ಅಂದರೆ ವರ್ಷದ ಅತ್ಯುತ್ತಮರ ಪಟ್ಟಿಯಲ್ಲಿದ್ದ. ಕ್ವಾರ್ಟರ್‌ಬ್ಯಾಕ್ ಕೆಡವಿದವನ ಹೆಸರಿಗೆ ಸ್ಯಾಕ್ ಬರೆಯುತ್ತಾರೆ. ಕೆಡವಲು ಬಿಟ್ಟವನು ಯಾರು, ಬಿಡದೆ ನಿಂತವನು ಯಾರು ಎಂಬುದು ಲೀಗ್‌ನ ಅಧಿಕೃತ ದಾಖಲೆಯಲ್ಲಿ ಇರುವುದಿಲ್ಲ. ಆದ್ದರಿಂದ ಕಣ್ಣಿನಿಂದಲೇ ನೋಡಬೇಕು.

ಮೊದಲಿಗೆ, ಸ್ನ್ಯಾಪ್ ಆದ, ಅಂದರೆ ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾದ ಕ್ಷಣದಿಂದ ಚೆಂಡನ್ನು ನೋಡುವುದು ಬಿಡಿ. ಒಬ್ಬನನ್ನೇ ನೋಡಿ, ಮನಸ್ಸಿನಲ್ಲಿ ಎರಡೂವರೆ ಸೆಕೆಂಡ್ ಎಣಿಸಿ. ಅಷ್ಟು ಹೊತ್ತು ತಡೆದರೆ ಹೆಚ್ಚಿನ ಎಸೆತಗಳಿಗೆ ಸಾಕು. ಪಾಸ್ ಆಟದಲ್ಲಿ ರೈಟ್ ಟ್ಯಾಕಲ್ ಬಲಗಾಲನ್ನು ಹಿಂದಕ್ಕೆ, ಸ್ವಲ್ಪ ಹೊರಕ್ಕೆ ಒದ್ದು ಜಾರುತ್ತಾನೆ, ಎಡಗಾಲು ಹಿಂಬಾಲಿಸುತ್ತದೆ. ಎರಡು ಪಾದಗಳೂ ಒಂದನ್ನೊಂದು ದಾಟಬಾರದು, ದಾಟಿದರೆ ಒಮ್ಮೆ ತಳ್ಳಿದರೂ ಬೀಳುತ್ತಾನೆ. ಭುಜಗಳು ಸಾಲಿಗೆ ಸಮಾನಾಂತರವಾಗಿ ಎಷ್ಟು ಹೊತ್ತು ಉಳಿದಾವೋ ಅಷ್ಟು ಒಳ್ಳೆಯದು. ಹೊರಗಿನಿಂದ ಬರುವವನಿಗೆ ಹೆದರಿ ಬೇಗ ಬಲಕ್ಕೆ ತಿರುಗಿದರೆ, ಎಡಕ್ಕೆ ಬಾಗಿಲು ತೆರೆಯುತ್ತದೆ, ಎದುರಾಳಿ ಒಳಗಿನಿಂದ ನೇರ ಕ್ವಾರ್ಟರ್‌ಬ್ಯಾಕ್ ಮೇಲೆ.

ಆಮೇಲೆ ಕೈಗಳು. ಅಂಗೈ ಎದುರಾಳಿಯ ಎದೆಯ ಒಳಭಾಗಕ್ಕೆ ಬೀಳಬೇಕು. ಭುಜದ ಹೊರಗೆ ಹೋಗಿ ಅಂಗಿ ಹಿಡಿದರೆ ಹೋಲ್ಡಿಂಗ್, 10 ಯಾರ್ಡ್ ದಂಡ. ಬೇಗ ಚಾಚಿದರೆ ಎದುರಾಳಿ ಕೈ ಬಡಿದು ಪಕ್ಕಕ್ಕೆ ಜಾರುತ್ತಾನೆ, ತಡವಾದರೆ ಎದೆಗೇ ಗುದ್ದುತ್ತಾನೆ. ತಲೆ ಮುಂದೆ ಚಾಚಿ ಒರಗಿದವನನ್ನು ಎಳೆದು ಕೆಡವುವುದು ಸುಲಭ. ನೆಟ್ಟಗೆ ನಿಂತವನನ್ನು ಹಿಂದಕ್ಕೆ ದೂಡುವುದು ಅದಕ್ಕಿಂತ ಸುಲಭ. ಮಂಡಿ ಬಾಗಿ, ಸೊಂಟ ತಗ್ಗಿ, ಬೆನ್ನು ನೆಟ್ಟಗಿರಬೇಕು. ಇದನ್ನೆಲ್ಲ 340 ಪೌಂಡ್ ಹೊತ್ತು, ಹಿಂದಕ್ಕೆ ಚಲಿಸುತ್ತ ಮಾಡಬೇಕು. ವಿಲ್ಲಿ ಮಾಡುತ್ತಿದ್ದ.

"ಲೆಫ್ಟ್ ಟ್ಯಾಕಲ್ ಕೆಲಸ ಕಷ್ಟ, ರೈಟ್ ಟ್ಯಾಕಲ್ ಸುಲಭ" ಎನ್ನುವುದು ಅರ್ಧ ಓದಿದವರ ಮಾತು. ಬಲಗೈಯಲ್ಲಿ ಎಸೆಯುವವನಿಗೆ ಎಡಬದಿ ಕಾಣುವುದಿಲ್ಲ, ಸರಿ. ಆದರೆ ಮೈಕಲ್ ಸ್ಟ್ರಾಹನ್ ಆಡುತ್ತಿದ್ದದ್ದು ರಕ್ಷಣೆಯ ಎಡತುದಿಯಲ್ಲಿ, ಅಂದರೆ ರೈಟ್ ಟ್ಯಾಕಲ್ ಎದುರು. ರೆಜ್ಜಿ ವೈಟ್ ಕೂಡ ಹೆಚ್ಚಾಗಿ ಅಲ್ಲೇ. ಇವರು ಸುಲಭವೇ?

ಓಟದ ಆಟವನ್ನು ನೋಡಬೇಕಿದ್ದರೆ 2000ದ ಅಕ್ಟೋಬರ್ 22, ಡೆನ್ವರ್ ಎದುರಿನ ಪಂದ್ಯ ಹುಡುಕಿ. ಬೆಂಗಲ್ಸ್ ಅಲ್ಲಿಯವರೆಗೆ ಒಂದೂ ಗೆದ್ದಿರಲಿಲ್ಲ. ಅವರ ಕ್ವಾರ್ಟರ್‌ಬ್ಯಾಕ್ ಆ ದಿನ 9ರಲ್ಲಿ 2 ಪಾಸ್ ಮಾತ್ರ ಕೈ ಸೇರಿಸಿದ. ಓಟವೇ ಬರುತ್ತದೆ ಎಂದು ಡೆನ್ವರ್‌ಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೋರಿ ಡಿಲನ್ 22 ಓಟದಲ್ಲಿ 278 ಯಾರ್ಡ್ ಹೋಗಿ ವಾಲ್ಟರ್ ಪೇಟನ್‌ನ 275ರ ದಾಖಲೆ ಮುರಿದ. ದಾಖಲೆ ಡಿಲನ್ ಹೆಸರಿಗೆ ಬಂತು, ಅದು ಸರಿಯೇ, ಅವನೂ ಕಡೆಗಣನೆಗೆ ಒಳಗಾದವನೇ. ಆದರೆ ಎರಡನೆಯ ಸಲ ನೋಡುವಾಗ ಡಿಲನ್‌ನನ್ನು ಬಿಟ್ಟು 71ನ್ನು ಮಾತ್ರ ನೋಡಿ. ಮೊದಲ ಹೆಜ್ಜೆ ಎತ್ತ ಇಟ್ಟ, ಎದುರಾಳಿಯ ಯಾವ ಭುಜಕ್ಕೆ ತಲೆ ಕೊಟ್ಟ, ತಾಗಿದ ಮೇಲೆ ಕಾಲು ನಿಂತಿತೋ ನಡೆಯುತ್ತಲೇ ಇತ್ತೋ. ಕಾಲು ನಿಂತರೆ ಓಟಗಾರನಿಗೆ 3 ಯಾರ್ಡ್, ನಡೆದರೆ ಬಯಲು.

ಹಾಲ್ ಆಫ್ ಫೇಮ್ ಒಳಗೆ ಹೋಗಲು ಸಾಮಾನ್ಯವಾಗಿ ನೂರಕ್ಕೆ 80 ಮತ ಬೇಕು. ಕೊನೆಯ ಆಟವಾಗಿ 25 ವರ್ಷ ದಾಟಿದರೆ ಹಿರಿಯರ ಪಟ್ಟಿಗೆ ತಳ್ಳುತ್ತಾರೆ, ಅಲ್ಲಿ ಪೈಪೋಟಿ ಇನ್ನೂ ಇಕ್ಕಟ್ಟು. ಕೆನ್ ಆ್ಯಂಡರ್ಸನ್ ಈಗ ನಿಂತಿರುವುದು ಅಲ್ಲೇ. ವಿಲ್ಲಿ ಕೊನೆಯದಾಗಿ ಆಡಿದ್ದು 2008ರ ಸೀಸನ್, ಬಾಲ್ಟಿಮೋರ್‌ಗೆ. ಮತ ಹಾಕುವವರಿಗೆ ಅವನ ಟೇಪ್ ನೋಡಲು ಇನ್ನೂ ಸಮಯವಿದೆ.