ಅಬು ಸಿಂಬಲ್ ಸೂರ್ಯೋತ್ಸವ: 22ಕ್ಕಿಂತ 23 ವಾಸಿ

ಬೆಳಗಿನ ಜಾವ 3 ಗಂಟೆ. ಟಿಕೆಟ್ ಗೇಟಿನ ಮುಂದೆ ಆಗಲೇ ಉದ್ದದ ಸಾಲು. ಅಕ್ಕ ಶಾಲನ್ನು ಕಿವಿ ಮುಚ್ಚುವ ಹಾಗೆ ಸುತ್ತಿಕೊಂಡು, "ವೈಕುಂಠ ಏಕಾದಶಿ ಕ್ಯೂ ಬೇಡ ಅಂತ ಮನೇಲಿ ಕೂತವಳು ನಾನು. ಇಷ್ಟು ದೂರ ಬಂದು ಇಲ್ಲೂ ಕ್ಯೂನಾ?" ಅಂದಳು. ಕರೆದುಕೊಂಡು ಬಂದವನು ನಾನೇ ಆದ್ದರಿಂದ ಸುಮ್ಮನಿದ್ದೆ.

ಈಜಿಪ್ಟಿನ ದಕ್ಷಿಣದ ತುದಿಯಲ್ಲಿ, ಸುಡಾನ್ ಗಡಿಗೆ ಹತ್ತಿರ ಇರುವ ಊರು ಅಬು ಸಿಂಬಲ್. ಈಜಿಪ್ಟಿನ ರಾಜ 2ನೇ ರಾಮ್ಸೆಸ್ ಸುಮಾರು 3,200 ವರ್ಷಗಳ ಹಿಂದೆ ಅಲ್ಲಿನ ಬಂಡೆಯನ್ನು ಕೊರೆಸಿ ದೇವಾಲಯ ಮಾಡಿಸಿದ. ವರ್ಷಕ್ಕೆ ಎರಡು ಸಲ, ಫೆಬ್ರವರಿ 22 ಮತ್ತು ಅಕ್ಟೋಬರ್ 22ರಂದು, ಹುಟ್ಟುವ ಸೂರ್ಯನ ಬೆಳಕು ಬಾಗಿಲಿನಿಂದ ಸುಮಾರು 60 ಮೀಟರ್ ಒಳಗಿರುವ ಗರ್ಭಗುಡಿ ತನಕ ಹೋಗುತ್ತದೆ. ಅಲ್ಲಿ ಸಾಲಾಗಿ ಕಲ್ಲಿನಲ್ಲಿ ನಾಲ್ವರು ಕೂತಿದ್ದಾರೆ, ಮೂವರು ದೇವರು, ಒಬ್ಬ ರಾಜ. ಎಡದಿಂದ ಪ್ತಾ, ಅಮುನ್-ರಾ, ರಾಮ್ಸೆಸ್, ರಾ-ಹೊರಾಖ್ತಿ. ಬೆಳಕು ಬೀಳುವುದು ಬಲಗಡೆಯ ಮೂವರ ಮೇಲೆ. ಪ್ತಾ ಪಾತಾಳಕ್ಕೆ ಹತ್ತಿರದ ದೇವರು, ಅವನಿಗೆ ಕತ್ತಲೆಯೇ ಸರಿ ಎನ್ನುತ್ತಾರೆ. ಬೆಂಗಳೂರಿನ ಗವಿ ಗಂಗಾಧರೇಶ್ವರದಲ್ಲಿ ಸಂಕ್ರಾಂತಿ ಸಂಜೆ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವ ಬಿಸಿಲು ನೋಡಿದವರಿಗೆ ಇದರ ಸೊಗಸು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ನೂಕುನುಗ್ಗಲು ಕಂಡವರಿಗಂತೂ ಈ ಸಾಲಿನ ಕಥೆಯೂ ಹೊಸದಲ್ಲ.

ಹೋಗುವವರು ಮೊದಲು ಒಂದು ಮಾತು ತಿಳಿದುಕೊಂಡಿರಬೇಕು. ಹಬ್ಬದ ದಿನ ಗರ್ಭಗುಡಿಯ ಮುಂದೆ ನಿಲ್ಲೋಕೆ ಬಿಡುವುದಿಲ್ಲ. ಬೆಳಕು ಒಳಗಿರುವುದು ಸುಮಾರು 20 ನಿಮಿಷ. ಅಷ್ಟರಲ್ಲಿ ಸಾವಿರಾರು ಜನ ಹಾದುಹೋಗಬೇಕು. ಕಾವಲಿನವರು "ಯಲ್ಲಾ, ಯಲ್ಲಾ" ಅಂತ ಬೆನ್ನಿಗೆ ಕೈ ಇಟ್ಟು ಸರಿಸುತ್ತಲೇ ಇರುತ್ತಾರೆ. ನಮಗೆ ಸಿಕ್ಕಿದ್ದು ಹತ್ತು ಸೆಕೆಂಡ್ ಇರಬಹುದು. ನನ್ನ ಮುಂದಿದ್ದವರೆಲ್ಲ ಕೈ ಮೇಲೆತ್ತಿ ಮೊಬೈಲ್ ಹಿಡಿದಿದ್ದರು. ನಾನು ರಾಮ್ಸೆಸ್‌ನ ಮುಖ ನೋಡಿದ್ದು ಯಾರದೋ ಫೋನಿನ ಪರದೆಯಲ್ಲಿ. ಹೊರಗೆ ಬಂದ ಮೇಲೆ ಅಕ್ಕ ಕೇಳಿದಳು, "ಇಷ್ಟೇನಾ?"

ಇಷ್ಟೇ ಅಲ್ಲ. ನಾವು ಎರಡು ರಾತ್ರಿ ಅಲ್ಲೇ ಉಳಿಯುವ ಲೆಕ್ಕ ಹಾಕಿಕೊಂಡು ಹೋಗಿದ್ದೆವು. ನನ್ನ ಸಲಹೆಯೂ ಅದೇ: 21ಕ್ಕೆ ಹೋಗಿ, 23ರ ಬೆಳಗ್ಗೆ ಇನ್ನೊಮ್ಮೆ ಒಳಗೆ ಹೋಗಿ, ಆಮೇಲೆ ಹೊರಡಿ.

ಯಾಕೆ ಅಂದರೆ, ಸೂರ್ಯ ಹುಟ್ಟುವ ಜಾಗ ಒಂದು ದಿನಕ್ಕೆ ಜಾಸ್ತಿ ಸರಿಯುವುದಿಲ್ಲ. ಸೂರ್ಯನ ಬಿಂಬದ ಅಗಲಕ್ಕಿಂತ ಕಡಿಮೆಯೇ. ಹಾಗಾಗಿ 21ಕ್ಕೂ 23ಕ್ಕೂ ಬೆಳಕು ಗರ್ಭಗುಡಿಗೆ ಬಂದೇ ಬರುತ್ತದೆ, ಚೂರು ಪಕ್ಕಕ್ಕೆ ಬೀಳುತ್ತದೆ ಅಷ್ಟೆ. ಎರಡು ತಾರೀಖು ಇರುವುದಕ್ಕೂ ಕಾರಣ ಸುಲಭ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ದಕ್ಷಿಣದ ಕೊನೆ ಮುಟ್ಟಿ ವಾಪಸ್ ಬರುತ್ತಾನೆ. ಹೋಗುವಾಗ ಅಕ್ಟೋಬರ್‌ನಲ್ಲಿ ಒಮ್ಮೆ, ನಾಲ್ಕು ತಿಂಗಳು ಕಳೆದು ಬರುವಾಗ ಫೆಬ್ರವರಿಯಲ್ಲಿ ಒಮ್ಮೆ ಅದೇ ಜಾಗದಲ್ಲಿ ಹುಟ್ಟುತ್ತಾನೆ. ಒಂದು ರಾಮ್ಸೆಸ್‌ನ ಹುಟ್ಟುಹಬ್ಬ, ಇನ್ನೊಂದು ಪಟ್ಟಾಭಿಷೇಕದ ದಿನ ಎಂದು ಗೈಡ್‌ಗಳೆಲ್ಲ ಹೇಳುತ್ತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಅದಕ್ಕೆ ಆಧಾರವಿಲ್ಲ.

ಇನ್ನು ದಾರಿಯ ವಿಷಯ. ಬೆಂಗಳೂರಿನಿಂದ ಗಲ್ಫ್ ಮೂಲಕ ಕೈರೋ, ಅಲ್ಲಿಂದ ರಾತ್ರಿ ರೈಲಿನಲ್ಲಿ ಅಸ್ವಾನ್. ರೈಲು 13 ಗಂಟೆ ಹಿಡಿಯುತ್ತದೆ. ವಿಮಾನವಾದರೆ ಒಂದೂವರೆ ಗಂಟೆ. ಅಕ್ಕನ ಮಂಡಿ ನೋಡಿಕೊಂಡು ವಿಮಾನವನ್ನೇ ಹಿಡಿಯಬೇಕಿತ್ತು, ಹಿಡಿಯಲಿಲ್ಲ, ಅದರ ಬಗ್ಗೆ ಅವಳಿಂದ ಇವತ್ತಿಗೂ ಕೇಳಿಸಿಕೊಳ್ಳುತ್ತಿದ್ದೇನೆ. ಅಸ್ವಾನ್‌ನಿಂದ ಅಬು ಸಿಂಬಲ್‌ಗೆ ಸುಮಾರು 280 ಕಿಲೋಮೀಟರ್ ಮರುಭೂಮಿ ರಸ್ತೆ, ಮೂರೂವರೆ ಗಂಟೆ. ಮಾಮೂಲಿ ದಿನಗಳಲ್ಲಿ ಎಲ್ಲರೂ ಅಸ್ವಾನ್‌ನಿಂದ ನಸುಕಿನಲ್ಲಿ ಹೊರಟು ಮಧ್ಯಾಹ್ನಕ್ಕೆ ವಾಪಸ್ ಆಗುತ್ತಾರೆ. ಹಬ್ಬಕ್ಕೆ ಹಾಗೆ ಬರುವವರು ಇಡೀ ರಾತ್ರಿ ವ್ಯಾನಿನಲ್ಲಿ ಕೂತು ಬಂದು, ನೇರ ಸಾಲಿನಲ್ಲಿ ನಿಲ್ಲುತ್ತಾರೆ. ದಾರಿಯಲ್ಲಿ ಒಂದು ಟೈರ್ ಹೋದರೆ ಮುಗೀತು ಕಥೆ. ವೀಸಾ ನಿಯಮ ಬದಲಾಗುತ್ತಾ ಇರುತ್ತದೆ, ಟಿಕೆಟ್ ಮಾಡಿಸುವ ಮುಂಚೆ ರಾಯಭಾರ ಕಚೇರಿಯ ಮಾಹಿತಿ ನೋಡಿ.

ಊರಿನಲ್ಲಿ ಉಳಿಯುವ ಜಾಗ ಕಡಿಮೆ. ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿ, ಹೊರಡುವ ವಾರ ಮತ್ತೆ ಫೋನ್ ಮಾಡಿ. ನಾವು ಎರಡನೆಯದನ್ನು ಮಾಡಲಿಲ್ಲ. ಹೋಗಿ ನೋಡಿದರೆ ನಮ್ಮ ರೂಮಿನಲ್ಲಿ ಯಾರದೋ ಸೂಟ್‌ಕೇಸ್! ಗೆಸ್ಟ್ ಹೌಸಿನವರು ಟೀ ಕೊಟ್ಟರು, ಮತ್ತೆ ಟೀ ಕೊಟ್ಟರು, ಕೊನೆಗೆ ಪಕ್ಕದಲ್ಲಿ, ಈ ಸೀಮೆಯ ಮೂಲ ಜನರಾದ ನೂಬಿಯನ್ನರ ಮನೆಯೊಂದರಲ್ಲಿ ಕೋಣೆ ಹುಡುಕಿಕೊಟ್ಟರು. ಕಮಾನು ಸೂರು, ದಪ್ಪ ಮಣ್ಣಿನ ಗೋಡೆ, ಗೋಡೆಯಲ್ಲೇ ಗೂಡು. ಅಕ್ಕ ಆ ಗೂಡಿನಲ್ಲಿ ಚಟ್ನಿಪುಡಿ ಡಬ್ಬಿ ಇಟ್ಟು, "ನಮ್ಮ ಅಜ್ಜಿ ಮನೆ ಇದ್ದ ಹಾಗಿದೆ ಕಣೋ" ಅಂದಳು. ಈ ಜನರ ಊರುಗಳು ಅಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಿದವು. 1960ರ ದಶಕದಲ್ಲಿ ಸುಮಾರು 50,000 ನೂಬಿಯನ್ನರನ್ನು ಉತ್ತರಕ್ಕೆ, ಕೊಮ್ ಒಂಬೊ ಕಡೆಗೆ ಸಾಗಿಸಿದರು. ಮನೆಯ ಹಿರಿಯಮ್ಮ ಕಿಟಕಿಯಿಂದ ಸರೋವರ ತೋರಿಸಿ ಅರಬ್ಬಿಯಲ್ಲಿ ಏನೋ ಹೇಳಿದರು. ಅವರ ಮಗ ಅನುವಾದ ಮಾಡಲಿಲ್ಲ, ನಾವೂ ಕೇಳಲಿಲ್ಲ.

ದೇವಾಲಯವೂ ಮುಳುಗಬೇಕಿತ್ತು. 1964ರಿಂದ 1968ರವರೆಗೆ ಯುನೆಸ್ಕೋ ಮುಂದಾಳತ್ವದಲ್ಲಿ ಅದನ್ನು ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಕೊಯ್ದರು. ಒಂದೊಂದು ತುಂಡು ಸರಾಸರಿ 20 ಟನ್. 65 ಮೀಟರ್ ಮೇಲೆ, 200 ಮೀಟರ್ ಹಿಂದೆ ತಂದು ಜೋಡಿಸಿದರು. ದಿಕ್ಕು ತಪ್ಪದ ಹಾಗೆ ಜೋಡಿಸಿದ್ದೇ ದೊಡ್ಡ ಕೆಲಸ. ಮುಂಚೆ 21ಕ್ಕೆ ಬರುತ್ತಿದ್ದ ಬೆಳಕು ಈಗ 22ಕ್ಕೆ ಬರುತ್ತದೆ ಎಂದು ಹೇಳುತ್ತಾರೆ. ಹಿಂದಿರುವ ಬೆಟ್ಟ ನಿಜವಾದ ಬೆಟ್ಟವಲ್ಲ, ಒಳಗೆ ಕಾಂಕ್ರೀಟ್ ಗುಮ್ಮಟ ಇದೆ. ಗರಗಸದ ಗೆರೆ ಎಲ್ಲಿದೆ ಅಂತ ನಾನು ಕಲ್ಲಿನ ಮೇಲೆ ಹುಡುಕಿ ಹುಡುಕಿ ಸುಸ್ತಾದೆ. ಹತ್ತಿರದಿಂದ ನೋಡಿದರೆ ಕಾಣುತ್ತದೆ, ಹತ್ತು ಹೆಜ್ಜೆ ಹಿಂದೆ ಬಂದರೆ ಮಾಯ.

21ರ ರಾತ್ರಿ ಊರಲ್ಲಿ ಯಾರೂ ಮಲಗುವುದಿಲ್ಲ. ಬೇರೆ ಬೇರೆ ಪ್ರಾಂತ್ಯಗಳ ಜನಪದ ತಂಡಗಳು, ನೂಬಿಯನ್ ತಮಟೆ, ದೊಣ್ಣೆ ಹಿಡಿದು ಕುಣಿಯುವ ತಹ್ತೀಬ್. ನಾವು ಭಾರತದವರು ಅಂತ ಗೊತ್ತಾದ ಕೂಡಲೇ "ಅಮಿತಾಭ್ ಬಚ್ಚನ್!" ಅಂತ ಕೂಗಿ ಕರೆಯುತ್ತಾರೆ, ಕರ್ಕದೆ ಕುಡಿಸುತ್ತಾರೆ. ದಾಸವಾಳದ ಜಾತಿಯ ಕೆಂಪು ಹೂವಿನ ಪಾನಕ ಅದು, ಬಿಸಿಯೂ ಸಿಗುತ್ತದೆ, ತಣ್ಣಗೂ ಸಿಗುತ್ತದೆ. ಸಸ್ಯಾಹಾರಿಗಳಿಗೆ ಊಟದ ಚಿಂತೆ ಬೇಡ. ಬೇಯಿಸಿ ಮಸೆದ ಕಾಳಿನ ಫೂಲ್, ನಮ್ಮ ಆಂಬೊಡೆಯ ದೂರದ ನೆಂಟನಂತಿರುವ ತಾಮಿಯಾ, ರೊಟ್ಟಿ ಎಲ್ಲ ಕಡೆ ಇದೆ. ಒಂದು ಎಚ್ಚರಿಕೆ: 2027 ಮತ್ತು 2028ರಲ್ಲಿ ಫೆಬ್ರವರಿ 22 ರಂಜಾನ್ ತಿಂಗಳಲ್ಲೇ ಬೀಳುತ್ತದೆ. ಹಗಲು ಹೋಟೆಲು ಸಿಗೋದು ಕಷ್ಟ, ಅವಲಕ್ಕಿ ಜೊತೆಗಿರಲಿ.

ಫೆಬ್ರವರಿಯಲ್ಲಿ ಬೆಳಕು ಬರುವುದು ಬೆಳಗ್ಗೆ 6:20ರ ಸುಮಾರಿಗೆ. ಅಕ್ಟೋಬರ್‌ನಲ್ಲಿ ಹೋಗುವವರು ಗಡಿಯಾರ ನೋಡಿಕೊಳ್ಳಿ. 2023ರಿಂದ ಈಜಿಪ್ಟ್ ಮತ್ತೆ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳುತ್ತಿದೆ, ಅದು ಅಕ್ಟೋಬರ್ ಕೊನೆಯ ಗುರುವಾರದವರೆಗೂ ಇರುತ್ತದೆ. ಹಳೆಯ ಬರಹಗಳಲ್ಲಿ 5:50 ಅಂತ ಇದ್ದರೆ ಈಗ 6:50 ಅಂತ ಓದಿಕೊಳ್ಳಿ. ಫೆಬ್ರವರಿ ರಾತ್ರಿ ಚಳಿ ಇದೆ, ಸರೋವರದ ಗಾಳಿ ಬೇರೆ. ಸ್ವೆಟರ್ ಬೇಕೇಬೇಕು. ಟಿಕೆಟ್‌ಗೆ ನಮ್ಮ ಹತ್ತಿರ ನಗದು ತಗೊಳ್ಳಲಿಲ್ಲ, ಕಾರ್ಡೇ ಬೇಕಾಯಿತು. ಶೌಚಾಲಯಕ್ಕೂ ಬಕ್ಷೀಸಿಗೂ ಮಾತ್ರ ಚಿಲ್ಲರೆ ನೋಟು ಇಟ್ಟುಕೊಳ್ಳಿ. ಗೇಟಿನಿಂದ ಬೆಟ್ಟ ಸುತ್ತಿ ಮುಂಭಾಗಕ್ಕೆ ಹತ್ತು ನಿಮಿಷದ ನಡಿಗೆ. ಮಂಡಿ ನೋವಿರುವವರು ಹದಿನೈದು ಅಂದುಕೊಳ್ಳಿ.

22ರ ಬೆಳಗ್ಗೆ ಸಾಲಿನಲ್ಲಿ ತೀರಾ ಹಿಂದೆ ಸಿಕ್ಕಿಕೊಂಡರೆ ಒಳಗೆ ಹೋಗುವ ಆಸೆ ಬಿಟ್ಟು ಹೊರಗೇ ನಿಲ್ಲಿ. ನಿಜವಾಗಿ ಹೇಳುತ್ತಿದ್ದೇನೆ. 20 ಮೀಟರ್ ಎತ್ತರದ ನಾಲ್ಕು ರಾಮ್ಸೆಸ್‌ಗಳ ಮೇಲೆ ಮೊದಲ ಬಿಸಿಲು ಬಿದ್ದಾಗ ಕಲ್ಲು ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಎಲ್ಲಕ್ಕಿಂತ ಮೇಲೆ ಸಾಲಾಗಿ ಕೋತಿಗಳ ಕೆತ್ತನೆ ಇದೆ, ಸೂರ್ಯನಿಗೆ ಕೈಯೆತ್ತಿ ನಮಸ್ಕಾರ ಮಾಡುತ್ತಿರುವ ಬಬೂನ್‌ಗಳು. ಎಡದಿಂದ ಎರಡನೆಯ ರಾಮ್ಸೆಸ್‌ನ ತಲೆ ಹಳೆಯ ಕಾಲದ ಭೂಕಂಪದಲ್ಲಿ ಬಿದ್ದು ಪಾದದ ಹತ್ತಿರವೇ ಇದೆ. ಸ್ಥಳಾಂತರಿಸಿದಾಗಲೂ ಅದನ್ನು ಬಿದ್ದ ಹಾಗೇ ಇಟ್ಟರು. ಎಡಗಡೆಯ ಮೂರ್ತಿಗಳ ಕಾಲಿನ ಮೇಲೆ ಸುಮಾರು 2,600 ವರ್ಷಗಳ ಹಿಂದೆ ಗ್ರೀಕ್ ಸೈನಿಕರು ಕೆತ್ತಿದ ಹೆಸರುಗಳಿವೆ. ಬಂಡೆ ಕಂಡರೆ ಹೆಸರು ಬರೆಯುವ ಚಟ ಎಲ್ಲಾ ಕಾಲದಲ್ಲೂ ಇತ್ತು ಅಂತಾಯ್ತು.

ಪಕ್ಕದ ನೆಫರ್ತಾರಿ ದೇವಾಲಯವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಅಷ್ಟೊತ್ತಿಗೆ ವ್ಯಾನುಗಳೆಲ್ಲ ಹೊರಟಿರುತ್ತವೆ. ರಾಣಿಯ ಮೂರ್ತಿಗಳನ್ನು ರಾಜನಷ್ಟೇ ಎತ್ತರಕ್ಕೆ ಮಾಡಿಸಿದ್ದು ಈಜಿಪ್ಟಿನಲ್ಲಿ ಅಪರೂಪ.

23ಕ್ಕೆ ಗೇಟು ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಎಂದು ಹಿಂದಿನ ದಿನವೇ ಕೌಂಟರಿನಲ್ಲಿ ಕೇಳಿಕೊಂಡಿದ್ದೆವು. ತೆಗೆದಾಗ ನಮ್ಮ ಜೊತೆ ಇದ್ದವರು ಮೂವತ್ತು ಜನ ಇರಬಹುದು. ಒಳಗೆ ಕಂಬಗಳ ನಡುವೆ ಕಾಲಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಕಾವಲಿನವನು ಗೋಡೆಗೆ ಒರಗಿ ಆಕಳಿಸುತ್ತಿದ್ದ. ನಾವು ಗರ್ಭಗುಡಿಯ ಪಕ್ಕದಲ್ಲಿ, ದಾರಿಗೆ ಅಡ್ಡ ಬರದ ಹಾಗೆ ನಿಂತೆವು.

ಮೊದಲು ಕತ್ತಲಲ್ಲಿ ಒಂದು ಕೆಂಪು ಪಟ್ಟಿ. ಅದರಲ್ಲಿ ದೂಳು ಸುತ್ತುತ್ತಿತ್ತು. ಆಮೇಲೆ ಅದು ಅಮುನ್‌ನ ಮೇಲೆ ನಿಂತಿತು. ನಿಂತ ಹಾಗೇ ಕಾಣುತ್ತದೆ, ಆದರೆ ಕಣ್ಣು ತೆಗೆದು ಮತ್ತೆ ನೋಡಿದರೆ ಬೆರಳಗಲ ಬಲಕ್ಕೆ ಸರಿದಿರುತ್ತದೆ. ಅಮುನ್‌ನಿಂದ ರಾಮ್ಸೆಸ್, ರಾಮ್ಸೆಸ್‌ನಿಂದ ರಾ-ಹೊರಾಖ್ತಿ. ಹತ್ತು ನಿಮಿಷ ನಮ್ಮನ್ನು ಯಾರೂ ಸರಿಸಲಿಲ್ಲ. ಶುರುವಿನಲ್ಲಿ, ಬೆಳಕು ಇನ್ನೂ ಎಡಕ್ಕಿದ್ದಾಗ, ಅದರ ಅಂಚು ಪ್ತಾನ ಭುಜಕ್ಕೂ ತಾಗಿತ್ತು. ನಾನು ಗಮನಿಸಿರಲಿಲ್ಲ. ಅಕ್ಕ ಮೊಣಕೈಯಿಂದ ತಿವಿದು ಪಿಸುಗುಟ್ಟಿದ್ದಳು.

"ನೋಡೋ, ಪಾಪ, ಅವನಿಗೂ ಚೂರು ಸಿಕ್ತು."